ಚದುರಿದ ಫೋಟೋಗಳನ್ನು ಒಂದೆಡೆ ಸೇರಿಸುವಾಗ ಬರುವ ತೊಂದರೆಗಳು: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಹಳೆ ಫೋನಿನಲ್ಲಿ ಒಂದಷ್ಟು, ಕ್ಯಾಮೆರಾ ಕಾರ್ಡಿನಲ್ಲಿ ಒಂದಷ್ಟು, ಲ್ಯಾಪ್‌ಟಾಪಿನ ಯಾವುದೋ ಫೋಲ್ಡರಿನಲ್ಲಿ ಒಂದಷ್ಟು. ಉಳಿದದ್ದು ಪೆನ್‌ಡ್ರೈವ್‌ಗಳಲ್ಲಿ, ವಾಟ್ಸಾಪ್‌ನಲ್ಲಿ, ಪಾಸ್‌ವರ್ಡ್ ಮರೆತುಹೋದ ಕ್ಲೌಡ್ ಖಾತೆಯಲ್ಲಿ. ಬಹಳಷ್ಟು ಜನರ ಫೋಟೋಗಳು ಇರುವುದೇ ಹೀಗೆ. ಎಲ್ಲವನ್ನೂ ಒಂದೆಡೆ ಸೇರಿಸೋಣ ಎಂದು ಕೂತಾಗ ತೊಂದರೆಗಳು ಒಂದೊಂದಾಗಿ ಹೊರಗೆ ಬರುತ್ತವೆ. ತಾರೀಖು ತಪ್ಪಾಗಿರುತ್ತದೆ. ಕೆಲವು ಫೈಲ್ ತೆರೆಯುವುದೇ ಇಲ್ಲ. ಒಂದೇ ಫೋಟೋ ಐದು ಕಡೆ ಇರುತ್ತದೆ, ಬೇಕಾದ ಫೋಟೋ ಮಾತ್ರ ಎಲ್ಲೂ ಇರುವುದಿಲ್ಲ.

ಮನೆಯವರ, ಗೆಳೆಯರ ಫೋಟೋಗಳನ್ನು ಹೀಗೆ ಒಟ್ಟು ಮಾಡಿಕೊಡುತ್ತಾ ನನಗೆ ಗಟ್ಟಿಯಾಗಿ ಅನಿಸಿದ್ದು ಒಂದೇ. ಡಿಸ್ಕ್ ಕೆಟ್ಟು ಹೋದ ಫೋಟೋಗಳಿಗಿಂತ, ಜೋಡಿಸುವ ಅವಸರದಲ್ಲಿ ಕೈಯಾರೆ ಅಳಿಸಿಹೋದ ಫೋಟೋಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಜಾಗ ಉಳಿಸಲು ಎಂದು ಅಳಿಸಿದ್ದು, "ನಕಲು" ಎಂದುಕೊಂಡು ತೆಗೆದದ್ದು, "ಕ್ಲೌಡ್‌ನಲ್ಲಿ ಇದೆಯಲ್ಲ" ಎಂಬ ನಂಬಿಕೆಯಲ್ಲಿ ಫೋನಿನಿಂದ ತೆಗೆದದ್ದು. ಹಾಗಾಗಿ ಇಲ್ಲಿ ಹೇಳುವ ಎಲ್ಲದಕ್ಕೂ ಒಂದೇ ಕ್ರಮ: ಮೊದಲು ನಕಲು ಮಾಡಿ, ಆಮೇಲೆ ತಾಳೆ ನೋಡಿ, ಆಮೇಲೆ ಬ್ಯಾಕಪ್ ತೆಗೆಯಿರಿ, ಅಳಿಸುವುದು ಕಟ್ಟಕಡೆಗೆ.

ನಿಮಗೆ ಕಾಣುತ್ತಿರುವ ಲಕ್ಷಣದ ಭಾಗಕ್ಕೆ ನೇರ ಹೋಗಬಹುದು. ಆದರೆ ಮುಂದಿನ ಭಾಗವನ್ನು ಮಾತ್ರ ಬಿಡಬೇಡಿ.

ಕೈ ಹಚ್ಚುವ ಮೊದಲು

ಒಂದು ಹಾಳೆ ತಗೊಳ್ಳಿ. ಫೋಟೋ ಇರಬಹುದಾದ ಎಲ್ಲ ಜಾಗಗಳನ್ನೂ ಬರೆಯಿರಿ. ಪ್ರತಿ ಜಾಗದ ಎದುರು ಎರಡು ಸಂಖ್ಯೆ ಬರೆಯಿರಿ: ಎಷ್ಟು ಫೈಲ್‌ಗಳಿವೆ, ಒಟ್ಟು ಗಾತ್ರ ಎಷ್ಟು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಎರಡೂ ಸಿಗುತ್ತವೆ. ಇದು ಸುಮ್ನೆ ಕೆಲಸ ಜಾಸ್ತಿ ಮಾಡುವುದಕ್ಕಲ್ಲ. ಮುಂದೆ ಏನಾದರೂ ತಪ್ಪಿದರೆ ಎಲ್ಲಿ ತಪ್ಪಿತು ಎಂದು ತೋರಿಸುವುದು ಈ ಎರಡು ಸಂಖ್ಯೆಗಳೇ.

ಸಾಗಿಸುವಾಗ ಕಾಪಿ ಮಾಡಿ, ಕಟ್ ಮಾಡಬೇಡಿ. ಕಟ್ ಮಾಡಿ ಪೇಸ್ಟ್ ಮಾಡುವ ನಡುವೆ ಕೇಬಲ್ ಅಲುಗಾಡಿದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗುತ್ತದೆ. ಕಾಪಿ ಮಾಡುವಾಗ ಅಲುಗಾಡಿದರೆ ಮೂಲ ಇದ್ದಲ್ಲೇ ಇರುತ್ತದೆ, ಮತ್ತೆ ಶುರು ಮಾಡಿದರಾಯಿತು.

ಪ್ರತಿ ಮೂಲಕ್ಕೂ ಒಂದೊಂದು ಬೇರೆ ಫೋಲ್ಡರ್ ಮಾಡಿ. "ಹಳೆ ಫೋನ್", "ಕ್ಯಾಮೆರಾ ಕಾರ್ಡ್ ಒಂದು", "ವಾಟ್ಸಾಪ್", ಹೀಗೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯುವ ಆಸೆ ಆಗುತ್ತದೆ. ಈಗಲೇ ಬೇಡ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ಕಂಪ್ಯೂಟರಿಗೆ ಕಾರ್ಡ್ ಅಥವಾ ಡ್ರೈವ್ ಹಾಕಿದಾಗ "ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳಿದರೆ ಬೇಡ ಎನ್ನಿ. ಅದರ ಅರ್ಥ ಕಾರ್ಡ್ ಖಾಲಿ ಇದೆ ಎಂದಲ್ಲ, ಕಂಪ್ಯೂಟರಿಗೆ ಅದನ್ನು ಓದಲು ಬರುತ್ತಿಲ್ಲ ಎಂದಷ್ಟೇ. 32 ಜಿಬಿಗಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡನ್ನು ಹಳೆಯ ಕಾರ್ಡ್ ರೀಡರಿಗೆ ಹಾಕಿದಾಗಲೂ ಹೀಗಾಗುತ್ತದೆ. ಬೇರೆ ರೀಡರ್‌ನಲ್ಲಿ ಹಾಕಿ ನೋಡಿ. ಆ ಕ್ಯಾಮೆರಾದಲ್ಲೇ ಹಾಕಿ, ಫೋಟೋ ಕಾಣುತ್ತದೆಯೇ ನೋಡಿ. ಅಲ್ಲಿ ಕಂಡರೆ ತೊಂದರೆ ರೀಡರಿನದು.

ಲಕ್ಷಣ: ಫೋನ್ ಜೋಡಿಸಿದರೆ ಏನೂ ಕಾಣುವುದಿಲ್ಲ, ಅಥವಾ ನಕಲು ಅರ್ಧಕ್ಕೆ ನಿಲ್ಲುತ್ತದೆ

ಮೊದಲ ಅನುಮಾನ ಕೇಬಲ್ ಮೇಲೆ ಇರಲಿ. ಚಾರ್ಜ್ ಮಾತ್ರ ಆಗುವ, ಡೇಟಾ ಹೋಗದ ಕೇಬಲ್‌ಗಳು ಎಲ್ಲ ಕಡೆ ಇವೆ. ಕೇಬಲ್ ಸರಿಯಿದ್ದರೆ ಫೋನಿನ ಲಾಕ್ ತೆಗೆಯಿರಿ. ಆಂಡ್ರಾಯ್ಡ್ ಆದರೆ ನೋಟಿಫಿಕೇಶನ್ ಇಳಿಸಿ, "ಫೈಲ್ ಟ್ರಾನ್ಸ್‌ಫರ್" ಆರಿಸಿ. ಐಫೋನ್ ಆದರೆ ಈ ಕಂಪ್ಯೂಟರನ್ನು ನಂಬಬಹುದೇ ಎಂಬ ಪ್ರಶ್ನೆಗೆ ಹೌದು ಎನ್ನಬೇಕು.

ಐಫೋನಿನಿಂದ ವಿಂಡೋಸ್‌ಗೆ ನಕಲು ಮಾಡುವಾಗ ನಡುವೆ "ಸಾಧನ ಕೆಲಸ ಮಾಡುತ್ತಿಲ್ಲ" ಎಂಬ ಅರ್ಥದ ಸಂದೇಶ ಬಂದು ನಿಂತರೆ, ಫೋನ್ ಕೆಟ್ಟಿದೆ ಎಂದು ಹೆದರಬೇಡಿ. ಫೋನ್ ಪ್ರತಿ ಫೋಟೋವನ್ನೂ ಕಳಿಸುವಾಗಲೇ ಜೆಪೆಗ್‌ಗೆ ಬದಲಿಸಲು ಹೋಗಿ ತಡವರಿಸುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫೋಟೋಸ್ ಭಾಗಕ್ಕೆ ಹೋಗಿ, ಕಂಪ್ಯೂಟರಿಗೆ ವರ್ಗಾಯಿಸುವ ಆಯ್ಕೆಯನ್ನು "ಆಟೋಮ್ಯಾಟಿಕ್" ಬದಲು "ಕೀಪ್ ಒರಿಜಿನಲ್ಸ್" ಮಾಡಿ. ಸಾಮಾನ್ಯವಾಗಿ ಇಷ್ಟಕ್ಕೇ ಸರಿಹೋಗುತ್ತದೆ. ಮೂಲ ಫೈಲೇ ಸಿಗುವುದರಿಂದ ಇದೇ ಒಳ್ಳೆಯದು ಕೂಡ.

ಸಾವಿರಗಟ್ಟಲೆ ಫೋಟೋಗಳನ್ನು ಒಂದೇ ಸಲಕ್ಕೆ ಎಳೆಯಬೇಡಿ. ಫೋನ್ ಮತ್ತು ಕಂಪ್ಯೂಟರ್ ನಡುವಿನ ಎಂಟಿಪಿ ದಾರಿ ದೊಡ್ಡ ಸಾಗಣೆಗೆ ಅಷ್ಟು ಗಟ್ಟಿಯಲ್ಲ. ಸ್ವಲ್ಪ ಸ್ವಲ್ಪವೇ ಮಾಡಿ. ಫೋಟೋಗಳು ಫೋನಿನ ಮೆಮೊರಿ ಕಾರ್ಡಿನಲ್ಲಿದ್ದರೆ ಕಾರ್ಡ್ ತೆಗೆದು ರೀಡರಿಗೆ ಹಾಕುವುದೇ ಲೇಸು.

ಲಕ್ಷಣ: ನಕಲು ಮುಗಿಯಿತು, ಆದರೆ ಎಣಿಕೆ ಕಡಿಮೆ ಬಂದಿದೆ

ಹಾಳೆಯಲ್ಲಿ ಬರೆದಿಟ್ಟ ಸಂಖ್ಯೆ ಈಗ ಕೆಲಸಕ್ಕೆ ಬರುತ್ತದೆ. ಕಡಿಮೆ ಬರಲು ಮುಖ್ಯವಾಗಿ ನಾಲ್ಕು ಕಾರಣ ಇರಬಹುದು.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಹೆಸರಿನ ಡಿಕ್ಕಿ. ಡಿಜಿಟಲ್ ಕ್ಯಾಮೆರಾಗಳು ಫೈಲ್‌ಗಳಿಗೆ 0001ರಿಂದ 9999ರವರೆಗೆ ನಂಬರ್ ಕೊಡುತ್ತವೆ. ಅದು ಮುಗಿದ ಮೇಲೆ ಮತ್ತೆ 0001. ಕ್ಯಾಮೆರಾ ರೀಸೆಟ್ ಮಾಡಿದರೂ 0001. ಎರಡು ಕ್ಯಾಮೆರಾ ಇದ್ದರಂತೂ ಕೇಳಬೇಡಿ. ಹೀಗಾಗಿ ಒಂದೇ ಹೆಸರಿನ ಎರಡು ಬೇರೆ ಬೇರೆ ಫೋಟೋಗಳು ಒಂದೇ ಫೋಲ್ಡರಿಗೆ ಬಂದಾಗ ಕಂಪ್ಯೂಟರ್ "ರಿಪ್ಲೇಸ್ ಮಾಡಲೇ, ಬಿಡಲೇ?" ಎಂದು ಕೇಳುತ್ತದೆ. ರಿಪ್ಲೇಸ್ ಒತ್ತಿದರೆ ಮೊದಲಿನದು ಹೋಯಿತು. ಬಿಡು ಎಂದರೆ ಎರಡನೆಯದು ಬರಲೇ ಇಲ್ಲ. ಮೂಲಕ್ಕೊಂದು ಫೋಲ್ಡರ್ ಮಾಡಿ ಎಂದದ್ದು ಇದಕ್ಕೇ. ಕಾರ್ಡಿನ ಒಳಗಿನ ಉಪಫೋಲ್ಡರ್‌ಗಳನ್ನೂ ಇದ್ದ ಹಾಗೆಯೇ ನಕಲು ಮಾಡಿ, ಬಿಡಿಸಿ ಸುರಿಯಬೇಡಿ.

ಎರಡನೆಯದು ಉದ್ದದ ದಾರಿ. ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಇನ್ನೊಂದು, ಪ್ರತಿಯೊಂದಕ್ಕೂ ಉದ್ದುದ್ದ ಹೆಸರು. ವಿಂಡೋಸ್‌ನಲ್ಲಿ ಪೂರ್ತಿ ದಾರಿ 260 ಅಕ್ಷರ ದಾಟಿದರೆ ಹಲವು ಪ್ರೋಗ್ರಾಮ್‌ಗಳು ಆ ಫೈಲನ್ನು ಮುಟ್ಟುವುದಿಲ್ಲ. ಮೇಲಿನ ಫೋಲ್ಡರ್‌ಗಳ ಹೆಸರು ಚಿಕ್ಕದು ಮಾಡಿ, ಮತ್ತೆ ನಕಲು ಮಾಡಿ.

ಮೂರನೆಯದು ನಾಲ್ಕು ಜಿಬಿ ಮಿತಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಅದರಲ್ಲಿ ಕೂರುವುದಿಲ್ಲ. ಫೋಟೋ ಬರುತ್ತದೆ, ಉದ್ದದ ವಿಡಿಯೋ ಬರುವುದಿಲ್ಲ. ಡ್ರೈವನ್ನು ಈ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ಮಾದರಿಗೆ ಬದಲಿಸಬಹುದು, ಆದರೆ ಹಾಗೆ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಯುತ್ತದೆ. ಅಳಿದರೂ ಪರವಾಗಿಲ್ಲ ಎನ್ನುವ ಡ್ರೈವ್ ಆಗಿದ್ದರೆ ಮಾತ್ರ ಮಾಡಿ.

ನಾಲ್ಕನೆಯದು ನೆರಳು ಫೈಲ್‌ಗಳು. ಐಫೋನ್‌ನಲ್ಲಿ "ಆಪ್ಟಿಮೈಸ್ ಸ್ಟೋರೇಜ್" ಆನ್ ಇದ್ದರೆ ಫೋನಿನೊಳಗೆ ಚಿಕ್ಕ ಪ್ರತಿ ಮಾತ್ರ ಇರಬಹುದು, ಪೂರ್ತಿ ಫೋಟೋ ಐಕ್ಲೌಡ್‌ನಲ್ಲಿ ಇರುತ್ತದೆ. ಲ್ಯಾಪ್‌ಟಾಪಿನ ಕ್ಲೌಡ್ ಫೋಲ್ಡರ್‌ಗಳಲ್ಲೂ ಹೀಗೆಯೇ. ಹೆಸರು ಕಾಣುತ್ತದೆ, ಫೈಲ್ ಅಲ್ಲಿರುವುದಿಲ್ಲ. ಪ್ರಾಪರ್ಟೀಸ್‌ನಲ್ಲಿ ಫೈಲಿನ ಗಾತ್ರ ದೊಡ್ಡದಿದ್ದು, ಡಿಸ್ಕಿನ ಮೇಲೆ ಹಿಡಿದಿರುವ ಜಾಗ ಸೊನ್ನೆ ಎಂದು ತೋರಿಸಿದರೆ ಅದು ನೆರಳೇ. ಪೂರ್ತಿ ಇಳಿಸಿಕೊಂಡ ಮೇಲೆಯೇ ನಕಲು ಮಾಡಬೇಕು.

ಲಕ್ಷಣ: ತಾರೀಖು ತಪ್ಪಾಗಿದೆ

ಇದರಲ್ಲಿ ಜನ ಸೋತು ಕೈಬಿಡುವುದು ಜಾಸ್ತಿ. ಆದರೆ ತಾರೀಖು ಹೇಗೆ ತಪ್ಪಾಗಿದೆ ಎನ್ನುವುದೇ ಕಾರಣವನ್ನು ಹೇಳಿಬಿಡುತ್ತದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಫೋಟೋ ಫೈಲಿಗೆ ಹಲವು ತಾರೀಖುಗಳಿರುತ್ತವೆ. ಫೈಲ್ ಈ ಡಿಸ್ಕಿನಲ್ಲಿ ಹುಟ್ಟಿದ ತಾರೀಖು, ಫೈಲ್ ಕೊನೆಗೆ ಬದಲಾದ ತಾರೀಖು, ಇವೆರಡೂ ಫೈಲಿನ ಹೊರಗಿನವು. ಫೋಟೋ ತೆಗೆದ ತಾರೀಖು ಫೈಲಿನ ಒಳಗೇ, ಎಕ್ಸಿಫ್ ಎಂಬ ಮಾಹಿತಿಯಲ್ಲಿ ಇರುತ್ತದೆ. ಕ್ಯಾಮೆರಾ ಹೆಸರು, ಲೆನ್ಸ್, ಕೆಲವೊಮ್ಮೆ ಜಾಗದ ಗುರುತು, ಎಲ್ಲ ಅಲ್ಲೇ. ನಕಲು ಮಾಡಿದಾಗ ಹೊರಗಿನ ತಾರೀಖು ಬದಲಾಗಬಹುದು, ಒಳಗಿನದು ಬದಲಾಗುವುದಿಲ್ಲ.

ಎಲ್ಲ ಫೋಟೋಗಳೂ ಇವತ್ತಿನ ತಾರೀಖು ತೋರಿಸುತ್ತಿವೆಯಾ? ಹಾಗಿದ್ದರೆ ನೀವು ಹೊರಗಿನ ತಾರೀಖು ನೋಡುತ್ತಿದ್ದೀರಿ. ವಿಂಡೋಸ್‌ನಲ್ಲಿ "ಡೇಟ್ ಟೇಕನ್" ಎಂಬ ಕಾಲಂ ಸೇರಿಸಿ, ಅದರ ಪ್ರಕಾರ ಜೋಡಿಸಿ. ಬಹಳ ಸಲ ಇಲ್ಲಿಗೇ ಸಮಸ್ಯೆ ಮುಗಿಯುತ್ತದೆ. ಏನನ್ನೂ ಬದಲಿಸಬೇಕಾಗಿಲ್ಲ.

ಆ ಕಾಲಂ ಖಾಲಿ ಇದೆಯಾ? ಹಾಗಿದ್ದರೆ ಎಕ್ಸಿಫ್ ಅಳಿಸಿಹೋಗಿದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ್ದು ಹೀಗೆ ಬರುತ್ತದೆ. ಗಾತ್ರ ಕುಗ್ಗುತ್ತದೆ, ತೆಗೆದ ತಾರೀಖೂ ಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ ಅಂಥ ಫೈಲಿನ ಹೆಸರಲ್ಲೇ ವರ್ಷ, ತಿಂಗಳು, ದಿನ, ಆಮೇಲೆ ಡಬ್ಲ್ಯೂಎ ಎಂಬ ಅಕ್ಷರಗಳು ಇರುತ್ತವೆ. ಆ ತಾರೀಖು ಫೋಟೋ ನಿಮ್ಮ ಫೋನಿಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಮೂಲ ಬೇಕೆಂದರೆ ಕಳಿಸಿದವರನ್ನೇ ಕೇಳಬೇಕು. ಅವರು ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. ಮುಖ್ಯವಾದ ಫೋಟೋಗಳಿಗೆ ಇಷ್ಟು ಕೇಳುವುದರಲ್ಲಿ ಸಂಕೋಚ ಬೇಡ, ಅವರ ಫೋನ್ ಬದಲಾದ ಮೇಲೆ ಕೇಳಿ ಪ್ರಯೋಜನ ಇಲ್ಲ.

1980ರ ಜನವರಿ 1 ಅಥವಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ವರ್ಷದ ಜನವರಿ 1 ಎಂದು ಕಾಣುತ್ತಿದೆಯಾ? ಕ್ಯಾಮೆರಾದ ಗಡಿಯಾರ ಸೊನ್ನೆಗೆ ಹೋಗಿತ್ತು ಎಂದರ್ಥ. ಒಳಗಿನ ಚಿಕ್ಕ ಬ್ಯಾಟರಿ ಸತ್ತಾಗ, ಅಥವಾ ಬ್ಯಾಟರಿ ತೆಗೆದು ಬಹಳ ದಿನ ಇಟ್ಟಾಗ ಹೀಗಾಗುತ್ತದೆ. 1970ರ ಜನವರಿ 1 ಕಂಡರೆ ಮಾತ್ರ ಬೇರೆ ಕಥೆ. ಅದು ಯುನಿಕ್ಸ್ ಮಾದರಿಯ ವ್ಯವಸ್ಥೆಗಳು ಕಾಲ ಎಣಿಸಲು ಶುರು ಮಾಡುವ ದಿನ. ಯಾವುದೋ ಪ್ರೋಗ್ರಾಮ್ ತಾರೀಖು ಸಿಗದೆ ಸೊನ್ನೆ ಬರೆದಿದೆ ಎಂದು ತಿಳಿಯಿರಿ. ಆಗ ಫೈಲಿನ ಒಳಗಿನ ತಾರೀಖು ಸರಿಯಾಗಿಯೇ ಇರುವ ಸಾಧ್ಯತೆ ಇದೆ, ತೆರೆದು ನೋಡಿ.

ಒಂದು ಕ್ಯಾಮೆರಾದ ಎಲ್ಲ ಫೋಟೋಗಳೂ ಒಂದೇ ಅಂತರದಲ್ಲಿ ತಪ್ಪಿದ್ದರೆ ಅದು ಅದೃಷ್ಟ, ಯಾಕೆಂದರೆ ಸರಿಪಡಿಸುವುದು ಸುಲಭ. ಅದೇ ಸಮಾರಂಭದಲ್ಲಿ ಯಾರಾದರೂ ಫೋನಿನಲ್ಲಿ ತೆಗೆದ ಒಂದು ಫೋಟೋ ಹುಡುಕಿ. ಫೋನುಗಳು ನೆಟ್‌ವರ್ಕ್‌ನಿಂದ ಸಮಯ ಪಡೆಯುವುದರಿಂದ ಸಾಮಾನ್ಯವಾಗಿ ಸರಿಯಾಗಿರುತ್ತವೆ. ಅದೇ ಕ್ಷಣದ ಕ್ಯಾಮೆರಾ ಫೋಟೋದ ಸಮಯದ ಜೊತೆ ಹೋಲಿಸಿ, ಅಂತರ ಲೆಕ್ಕ ಹಾಕಿ. ಗೋಡೆ ಗಡಿಯಾರ ಬಿದ್ದಿರುವ ಫೋಟೋ ಸಿಕ್ಕರೂ ಆದೀತು. ಎಕ್ಸಿಫ್‌ಟೂಲ್ ಎಂಬ ಉಚಿತ ಪ್ರೋಗ್ರಾಮ್ ಆ ಅಂತರವನ್ನು ಎಲ್ಲ ಫೋಟೋಗಳಿಗೂ ಒಟ್ಟಿಗೆ ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಬದಲಿಸುವ ಮೊದಲು ಮೂಲ ಫೈಲಿನ ಒಂದು ಪ್ರತಿಯನ್ನು ಅದು ತಾನಾಗಿಯೇ ಪಕ್ಕದಲ್ಲಿ ಇಡುತ್ತದೆ. ಫಲಿತಾಂಶ ಸರಿಯಿದೆ ಎಂದು ನೋಡುವವರೆಗೆ ಆ ಪ್ರತಿಗಳನ್ನು ತೆಗೆಯಬೇಡಿ.

ಫೋಟೋಗಳ ಸಮಯ ಸರಿ, ವಿಡಿಯೋಗಳದ್ದು ಮಾತ್ರ ಕೆಲವು ಗಂಟೆ ಹಿಂದೆಮುಂದೆ? ಹಲವು ಫೋನುಗಳು ವಿಡಿಯೋದ ಸಮಯವನ್ನು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದ ಲೆಕ್ಕದಲ್ಲಿ ಬರೆಯುತ್ತವೆ, ಫೋಟೋದ ಸಮಯವನ್ನು ಸ್ಥಳೀಯ ಲೆಕ್ಕದಲ್ಲಿ. ತಪ್ಪು ಫೈಲಿನದಲ್ಲ, ಅದನ್ನು ತೋರಿಸುವ ಪ್ರೋಗ್ರಾಮಿನದು. ಸಮಯ ವಲಯ ಅರ್ಥವಾಗುವ ಪ್ರೋಗ್ರಾಮ್ ಬಳಸಿ, ಫೈಲ್ ಮುಟ್ಟಬೇಡಿ.

ಗೂಗಲ್ ಫೋಟೋಸ್‌ನಿಂದ ಟೇಕ್‌ಔಟ್ ಮೂಲಕ ಇಳಿಸಿಕೊಂಡದ್ದರಲ್ಲಿ ಇನ್ನೊಂದು ಗೊಂದಲ ಇದೆ. ಪ್ರತಿ ಫೋಟೋದ ಪಕ್ಕ ಜೇಸನ್ ಎಂಬ ಚಿಕ್ಕ ಫೈಲ್ ಬರುತ್ತದೆ. ನೀವು ಆ್ಯಪ್ ಒಳಗೆ ತಾರೀಖು ತಿದ್ದಿದ್ದರೆ, ವಿವರ ಬರೆದಿದ್ದರೆ, ಅದೆಲ್ಲ ಆ ಫೈಲಿನಲ್ಲಿ ಇರುತ್ತದೆ, ಫೋಟೋದ ಒಳಗೆ ಇರುವುದಿಲ್ಲ. ಹಲವರು ಇದನ್ನು ಕಸ ಎಂದು ಅಳಿಸಿಬಿಡುತ್ತಾರೆ. ದಯವಿಟ್ಟು ಅಳಿಸಬೇಡಿ. ಟೇಕ್‌ಔಟ್ ಹಲವು ಜಿಪ್‌ಗಳಾಗಿ ಬಂದರೆ ಫೋಟೋ ಒಂದರಲ್ಲಿ, ಅದರ ಜೇಸನ್ ಇನ್ನೊಂದರಲ್ಲಿ ಇರಬಹುದು. ಎಲ್ಲ ಜಿಪ್‌ಗಳನ್ನೂ ಇಳಿಸಿ, ಒಂದೇ ಜಾಗದಲ್ಲಿ ಬಿಚ್ಚಿದ ಮೇಲೆಯೇ ಮುಂದಿನ ಕೆಲಸ.

ಸ್ಕ್ಯಾನ್ ಮಾಡಿದ ಹಳೆ ಫೋಟೋಗಳಲ್ಲಿ ಇರುವುದು ಸ್ಕ್ಯಾನ್ ಮಾಡಿದ ದಿನದ ತಾರೀಖು. ಅದನ್ನು ಕೈಯಿಂದಲೇ ಸರಿಪಡಿಸಬೇಕು. ಸರಿಯಾದ ದಿನ ಗೊತ್ತಿಲ್ಲದಿದ್ದರೆ ಫೋಲ್ಡರ್ ಹೆಸರಿನಲ್ಲಿ ಅಂದಾಜು ವರ್ಷ ಬರೆದರೆ ಸಾಕು.

ಲಕ್ಷಣ: ಫೋಟೋ ತೆರೆಯುತ್ತಿಲ್ಲ

ಒಂದೂ ತೆರೆಯುತ್ತಿಲ್ಲ ಎಂದರೆ ಸಾಮಾನ್ಯವಾಗಿ ಫೈಲ್ ಕೆಟ್ಟಿರುವುದಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿ ಹೈಕ್ (HEIC) ಎಂದಿದೆಯೇ ನೋಡಿ. ಐಫೋನುಗಳು 2017ರ ಐಓಎಸ್ 11ರಿಂದ ಈ ಮಾದರಿಯಲ್ಲಿ ಫೋಟೋ ಉಳಿಸುತ್ತಿವೆ. ವಿಂಡೋಸ್‌ಗೆ ಅದರ ಎಕ್ಸ್‌ಟೆನ್ಶನ್ ಹಾಕಿದರೆ ತೆರೆಯುತ್ತದೆ. ಎಲ್ಲವನ್ನೂ ಜೆಪೆಗ್‌ಗೆ ಬದಲಿಸಿ ಮೂಲ ಅಳಿಸುವ ಕೆಲಸ ಮಾಡಬೇಡಿ. ಬದಲಿಸಿದ ಪ್ರತಿ ಬೇಕಾದರೆ ಪಕ್ಕದಲ್ಲಿ ಇರಲಿ.

ಕೆಲವೇ ತೆರೆಯುತ್ತಿಲ್ಲ ಎಂದರೆ ಗಾತ್ರ ನೋಡಿ. ಸೊನ್ನೆ ಬೈಟ್ ಇದ್ದರೆ ನಕಲು ಆಗಲೇ ಇಲ್ಲ, ಹೆಸರು ಮಾತ್ರ ಬಂದಿದೆ. ಮೂಲದಿಂದ ಮತ್ತೆ ತನ್ನಿ. ಮೇಲಿನ ಅರ್ಧ ಫೋಟೋ, ಕೆಳಗಿನ ಅರ್ಧ ಬೂದು ಬಣ್ಣ ಎಂದರೆ ನಡುವೆ ತುಂಡಾಗಿದೆ. ಮೂಲ ಇನ್ನೂ ಇದ್ದರೆ ಬಚಾವ್. ನೋಡಿ, ಅಳಿಸುವುದನ್ನು ಕಟ್ಟಕಡೆಗೆ ಇಟ್ಟುಕೊಂಡವರಿಗೆ ಇದು ಐದು ನಿಮಿಷದ ಕೆಲಸ.

ಚಿಕ್ಕ ಚಿತ್ರ ಕಾಣುತ್ತದೆ, ತೆರೆದರೆ ಬರುವುದಿಲ್ಲ ಎಂಬ ಲಕ್ಷಣ ಮೋಸ ಮಾಡುವಂಥದ್ದು. ಕ್ಯಾಮೆರಾ ಫೋಟೋದ ಎಕ್ಸಿಫ್ ಒಳಗೆ ಸಾಮಾನ್ಯವಾಗಿ 160 ಗುಣಿಸು 120 ಚುಕ್ಕೆಗಳ ಒಂದು ಪುಟ್ಟ ಚಿತ್ರ ಬೇರೆಯೇ ಇರುತ್ತದೆ. ಅದು ಫೈಲಿನ ಆರಂಭದಲ್ಲಿ ಇರುವುದರಿಂದ ಉಳಿದದ್ದೆಲ್ಲ ಹಾಳಾದರೂ ಅದು ಉಳಿಯಬಹುದು. ಫೋಲ್ಡರಿನಲ್ಲಿ ಚಿತ್ರಗಳು ಸಾಲಾಗಿ ಕಂಡವು ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಕೆಲವನ್ನಾದರೂ ಪೂರ್ತಿ ತೆರೆದು ನೋಡಲೇಬೇಕು.

ಒಂದು ಹಂತದವರೆಗಿನ ಫೈಲ್‌ಗಳೆಲ್ಲ ಚೆನ್ನಾಗಿವೆ, ಆಮೇಲಿನವು ಎಲ್ಲವೂ ಹಾಳು. ಇದು ಹೊಸ ಪೆನ್‌ಡ್ರೈವ್ ಅಥವಾ ಕಾರ್ಡಿನಲ್ಲಿ ಕಂಡರೆ ಅದರ ಗಾತ್ರವೇ ಸುಳ್ಳಿರಬಹುದು. ಒಳಗೆ ಇರುವುದಕ್ಕಿಂತ ಜಾಸ್ತಿ ಜಾಗ ಇದೆ ಎಂದು ತೋರಿಸುವ ನಕಲಿ ಡ್ರೈವ್‌ಗಳಿವೆ. ಹೆಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಪ್ರೋಗ್ರಾಮ್ ಡ್ರೈವಿನ ತುಂಬ ಬರೆದು, ಮತ್ತೆ ಓದಿ, ನಿಜವಾದ ಗಾತ್ರ ಹೇಳುತ್ತದೆ. ಫೋಟೋ ಹಾಕುವ ಮೊದಲೇ ಈ ಪರೀಕ್ಷೆ ಮಾಡಿ.

ಲಕ್ಷಣ: ಒಂದೇ ಫೋಟೋ ಹತ್ತು ಕಡೆ

ಇಲ್ಲಿ ಅವಸರ ಬೇಡವೇ ಬೇಡ. ನಕಲುಗಳಲ್ಲಿ ಎರಡು ಬಗೆ. ಒಂದು, ಬಿಟ್ ಬಿಟ್‌ಗೂ ಒಂದೇ ಆಗಿರುವವು. ಇನ್ನೊಂದು, ಕಣ್ಣಿಗೆ ಒಂದೇ ಕಾಣುವವು.

ಮೊದಲ ಬಗೆಯನ್ನು ಹುಡುಕಲು ಹ್ಯಾಶ್ ಇದೆ. ಫೈಲಿನ ಒಳಗಿರುವುದನ್ನೆಲ್ಲ ಓದಿ ಪ್ರೋಗ್ರಾಮ್ ಒಂದು ಉದ್ದದ ಗುರುತು ತೆಗೆಯುತ್ತದೆ, ಬೆರಳಚ್ಚಿನ ಹಾಗೆ. ಎಸ್‌ಎಚ್‌ಎ-256 ಹ್ಯಾಶ್ ಒಂದೇ ಇದ್ದರೆ ಫೈಲ್ ಒಂದೇ, ಹೆಸರು ಬೇರೆ ಇದ್ದರೂ ಸರಿ. ಡೂಪ್‌ಗುರು, ಚ್ಕಾವ್ಕಾ ಇಂಥ ಉಚಿತ ಪ್ರೋಗ್ರಾಮ್‌ಗಳು ಈ ಕೆಲಸ ಮಾಡುತ್ತವೆ. ಈ ಬಗೆಯ ನಕಲನ್ನು, ಬ್ಯಾಕಪ್ ಆದ ಮೇಲೆ, ಧೈರ್ಯವಾಗಿ ತೆಗೆಯಬಹುದು.

ಇಲ್ಲಿ ಕ್ರಮ ಮುಖ್ಯ. ನಕಲುಗಳನ್ನು ಹುಡುಕಿ ಗುರುತು ಮಾಡುವ ಕೆಲಸ ಮೊದಲು, ತಾರೀಖು ತಿದ್ದುವುದು ಆಮೇಲೆ. ಎಕ್ಸಿಫ್‌ನಲ್ಲಿ ಒಂದು ಅಂಕಿ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಮೊದಲೇ ತಾರೀಖು ತಿದ್ದಿದರೆ ನಿನ್ನೆಯವರೆಗೆ ಒಂದೇ ಆಗಿದ್ದ ಎರಡು ಫೈಲ್‌ಗಳು ಇವತ್ತು ಬೇರೆ ಬೇರೆ ಎನಿಸಿಕೊಳ್ಳುತ್ತವೆ. ಮತ್ತೆ ಕಣ್ಣಿನಿಂದಲೇ ಹುಡುಕಬೇಕು.

ಎರಡನೆಯ ಬಗೆಯಲ್ಲಿ ಪ್ರೋಗ್ರಾಮಿಗೆ ತೀರ್ಮಾನ ಬಿಡಬೇಡಿ. ಒಂದರ ಹಿಂದೊಂದು ತೆಗೆದ ಐದು ಫೋಟೋಗಳನ್ನು ಅದು "ಒಂದೇ" ಎನ್ನುತ್ತದೆ. ಆದರೆ ಅವುಗಳಲ್ಲಿ ಒಂದರಲ್ಲಿ ಮಾತ್ರ ಎಲ್ಲರ ಕಣ್ಣು ತೆರೆದಿರುತ್ತದೆ, ಅಲ್ವಾ? ವಾಟ್ಸಾಪ್ ಪ್ರತಿ ಮತ್ತು ಮೂಲ ಎರಡೂ ಇದ್ದರೆ ಗಾತ್ರ ದೊಡ್ಡದಿರುವುದನ್ನು, ಎಕ್ಸಿಫ್ ಇರುವುದನ್ನು ಉಳಿಸಿಕೊಳ್ಳಿ.

ನಕಲಿನ ಹಾಗೆ ಕಂಡರೂ ನಕಲು ಅಲ್ಲದವು ಇವೆ. ಐಫೋನಿನ ಲೈವ್ ಫೋಟೋ ಒಂದೇ ಹೆಸರಿನ ಎರಡು ಫೈಲ್: ಒಂದು ಚಿತ್ರ, ಒಂದು ಮೂವ್ (MOV) ಎಂಬ ಚಿಕ್ಕ ವಿಡಿಯೋ. ವಿಡಿಯೋ ಅಳಿಸಿದರೆ ಫೋಟೋದ ಚಲನೆ, ದನಿ ಹೋಯಿತು. ದೊಡ್ಡ ಕ್ಯಾಮೆರಾದ ರಾ (ಸಂಸ್ಕರಿಸದ ಮೂಲ ಚಿತ್ರ) ಮತ್ತು ಜೆಪೆಗ್ ಜೋಡಿಯೂ ಹೀಗೆಯೇ. ಟೇಕ್‌ಔಟ್‌ನಲ್ಲಿ ವರ್ಷದ ಫೋಲ್ಡರಿನಲ್ಲೂ ಆಲ್ಬಮ್ ಫೋಲ್ಡರಿನಲ್ಲೂ ಒಂದೇ ಫೋಟೋ ಬಂದಿದ್ದರೆ ಅದು ನಿಜವಾದ ನಕಲು. ಆದರೂ ಅಳಿಸುವ ಮೊದಲು ಯಾವ ಆಲ್ಬಮ್‌ನಲ್ಲಿ ಯಾವುದಿತ್ತು ಎಂದು ಬರೆದುಕೊಳ್ಳಿ. ಆ ಜೋಡಣೆ ಮಾಡಲು ಯಾರೋ ಗಂಟೆಗಟ್ಟಲೆ ಕೂತಿರುತ್ತಾರೆ.

ಲಕ್ಷಣ: ಕ್ಲೌಡ್ ಬ್ಯಾಕಪ್ ಆನ್ ಇದೆ, ಆದರೂ ಫೋಟೋ ಅಲ್ಲಿಲ್ಲ

ಮೊದಲು ಯಾವ ಫೋಲ್ಡರ್ ಬ್ಯಾಕಪ್ ಆಗುತ್ತಿದೆ ನೋಡಿ. ಗೂಗಲ್ ಫೋಟೋಸ್ ಆಂಡ್ರಾಯ್ಡ್‌ನಲ್ಲಿ ತಾನಾಗಿ ತೆಗೆದುಕೊಳ್ಳುವುದು ಕ್ಯಾಮೆರಾ ಫೋಲ್ಡರನ್ನು. ವಾಟ್ಸಾಪ್, ಡೌನ್‌ಲೋಡ್, ಸ್ಕ್ರೀನ್‌ಶಾಟ್ ಫೋಲ್ಡರ್‌ಗಳನ್ನು ನೀವೇ ಆನ್ ಮಾಡಬೇಕು. ಆಮೇಲೆ ಖಾತೆ ನೋಡಿ. ಎರಡು ಖಾತೆ ಇದ್ದವರ ಫೋಟೋ ಬೇರೆ ಖಾತೆಗೆ ಹೋಗುತ್ತಿರಬಹುದು. ಆಮೇಲೆ ಜಾಗ. ಗೂಗಲ್ ಕೊಡುವ ಉಚಿತ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್ 1ರ ಮೊದಲು ಕುಗ್ಗಿಸಿ ಏರಿಸಿದ ಫೋಟೋಗಳಿಗೆ ಮಿತಿ ಇರಲಿಲ್ಲ, ಆ ದಿನದಿಂದ ಏರಿಸಿದವು ಕುಗ್ಗಿಸಿದವಾದರೂ ಲೆಕ್ಕಕ್ಕೆ ಬರುತ್ತವೆ. ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಜಾಗ ತುಂಬಿದರೆ ಹೊಸ ಫೋಟೋ ಹೋಗುವುದು ನಿಲ್ಲುತ್ತದೆ, ಆದರೆ ಸೆಟ್ಟಿಂಗ್ ಮಾತ್ರ "ಆನ್" ಎಂದೇ ಇರುತ್ತದೆ.

ಇದೆಲ್ಲ ಸರಿಯಿದ್ದರೂ ಒಂದು ವಿಷಯ ಮನಸ್ಸಿನಲ್ಲಿರಲಿ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಎಂದರೆ ಎಲ್ಲ ಕಡೆ ಒಂದೇ ಸ್ಥಿತಿ ಇಡುವುದು. ಅಂದರೆ ಅಳಿಸುವುದೂ ಎಲ್ಲ ಕಡೆ ಆಗುತ್ತದೆ. ಐಕ್ಲೌಡ್ ಫೋಟೋಸ್ ಆನ್ ಇರುವ ಫೋನಿನಲ್ಲಿ ಜಾಗಕ್ಕಾಗಿ ಅಳಿಸಿದ ಫೋಟೋ ಕ್ಲೌಡ್‌ನಿಂದಲೂ, ಐಪ್ಯಾಡ್‌ನಿಂದಲೂ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ "ಫ್ರೀ ಅಪ್ ಸ್ಪೇಸ್" ಒತ್ತಿದರೆ ಬ್ಯಾಕಪ್ ಆದ ಫೋಟೋಗಳನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ. ಆದರೆ ಅದೇ ಆ್ಯಪ್‌ನಲ್ಲಿ ಫೋಟೋ ಆರಿಸಿ ಡಿಲೀಟ್ ಒತ್ತಿದರೆ ಎರಡೂ ಕಡೆಯಿಂದ ಹೋಗುತ್ತದೆ. ಎರಡು ಬಟನ್‌ಗಳ ನಡುವಿನ ಈ ವ್ಯತ್ಯಾಸ ಗೊತ್ತಿಲ್ಲದೆ ವರ್ಷಗಟ್ಟಲೆಯ ಫೋಟೋ ಕಳೆದುಕೊಂಡವರಿದ್ದಾರೆ.

ಈಗಾಗಲೇ ಅಳಿಸಿಬಿಟ್ಟಿದ್ದರೆ ಕಾಯಬೇಡಿ. ಐಫೋನ್‌ನಲ್ಲಿ "ರೀಸೆಂಟ್ಲಿ ಡಿಲೀಟೆಡ್" ಆಲ್ಬಮ್ 30 ದಿನ ಇಟ್ಟುಕೊಳ್ಳುತ್ತದೆ. ಗೂಗಲ್ ಫೋಟೋಸ್‌ನ ಟ್ರಾಶ್‌ನಲ್ಲಿ ಬ್ಯಾಕಪ್ ಆಗಿದ್ದ ಫೋಟೋ 60 ದಿನ, ಆಗಿರದಿದ್ದರೆ 30 ದಿನ ಇರುತ್ತದೆ. ಮರೆತುಹೋದ ಹಳೆಯ ಗೂಗಲ್ ಖಾತೆ ಇದ್ದರೆ ಅದಕ್ಕೂ ಒಮ್ಮೆ ಲಾಗಿನ್ ಆಗಿ. ಎರಡು ವರ್ಷ ಮುಟ್ಟದ ಖಾತೆಯನ್ನು, ಅದರಲ್ಲಿರುವ ಫೋಟೋಗಳ ಸಮೇತ, ಗೂಗಲ್ ಅಳಿಸಬಹುದು ಎಂಬುದು ಈಗಿರುವ ನಿಯಮ.

ಲಕ್ಷಣ: ಡಿಸ್ಕ್ ಸದ್ದು ಮಾಡುತ್ತಿದೆ, ನಿಧಾನವಾಗಿದೆ, ಆಗಾಗ ಮಾಯವಾಗುತ್ತದೆ

ಮಾಯವಾಗುವುದು ಮಾತ್ರ ಆದರೆ ಕರೆಂಟ್ ಕಡಿಮೆ ಇರಬಹುದು. ಯುಎಸ್‌ಬಿ ಹಬ್ ಬಿಟ್ಟು ನೇರ ಕಂಪ್ಯೂಟರಿಗೆ ಜೋಡಿಸಿ, ಬೇರೆ ಗಿಡ್ಡ ಕೇಬಲ್ ಹಾಕಿ ನೋಡಿ.

ನಿಧಾನ ಆಗಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಥರದ ಪ್ರೋಗ್ರಾಮಿನಲ್ಲಿ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಡುವ ಲೆಕ್ಕ) ತೆಗೆಯಿರಿ. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎಂಬ ಎರಡು ಸಾಲುಗಳು ಸೊನ್ನೆ ಇರಬೇಕು. ಪೆಂಡಿಂಗ್ ಏರುತ್ತಿದ್ದರೆ ಡಿಸ್ಕಿಗೆ ಓದಲಾಗದ ಜಾಗಗಳು ಹುಟ್ಟುತ್ತಿವೆ. ಆಗ ಡಿಸ್ಕ್ ರಿಪೇರಿ ಮಾಡುವ ಪ್ರೋಗ್ರಾಮ್ ಓಡಿಸಬೇಡಿ. ಎಲ್ಲಕ್ಕಿಂತ ಬೇಕಾದ ಫೋಲ್ಡರನ್ನು ಮೊದಲು ಎತ್ತಿಕೊಳ್ಳಿ, ಉಳಿದದ್ದು ಆಮೇಲೆ. ಕಟಕಟ ಸದ್ದು ಬರುತ್ತಿದ್ದರೆ ಪವರ್ ತೆಗೆಯಿರಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗಿನ ತಟ್ಟೆ ಗೀಚಿಹೋಗುವ ಅಪಾಯ ಇದೆ. ಡೇಟಾ ಹೊರತೆಗೆಯುವ ಪರಿಣತರ ಹತ್ತಿರ ಕೊಡುವುದೊಂದೇ ದಾರಿ.

ಕಾರ್ಡಿನಲ್ಲಿ ಅಳಿಸಿಹೋದ ಫೋಟೋ ಬೇಕಾದರೆ ಆ ಕಾರ್ಡಿನಲ್ಲಿ ಇನ್ನೊಂದೂ ಫೋಟೋ ತೆಗೆಯಬೇಡಿ. ಅಳಿಸಿದಾಗ ಪಟ್ಟಿಯಿಂದ ಹೆಸರು ಹೋಗುತ್ತದೆ, ಫೋಟೋ ಅಲ್ಲೇ ಇರುತ್ತದೆ, ಇನ್ನೊಂದು ಅದರ ಮೇಲೆ ಬರೆಯುವವರೆಗೆ. ಫೋಟೋರೆಕ್ ಎಂಬ ಉಚಿತ ಪ್ರೋಗ್ರಾಮ್ ಅಂಥದ್ದನ್ನು ಹುಡುಕಿ ತೆಗೆಯುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿ, ಅದೇ ಕಾರ್ಡಿಗೆ ಬೇಡ. ಫೈಲ್ ಹೆಸರು ಹೋಗಿರುತ್ತದೆ, ಆದರೆ ಎಕ್ಸಿಫ್ ಉಳಿದಿದ್ದರೆ ತಾರೀಖು ಸಿಗುತ್ತದೆ. ಎಸ್‌ಎಸ್‌ಡಿಯಲ್ಲಿ ಈ ಆಸೆ ಕಡಿಮೆ, ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗ ಖಾಲಿ ಮಾಡಿಬಿಡುತ್ತದೆ.

ಬ್ಯಾಕಪ್‌ನಲ್ಲೇ ಇರುವ ದೋಷಗಳು

ಎಲ್ಲ ಒಂದೆಡೆ ಸೇರಿತು ಎಂದರೆ ಎಲ್ಲ ಒಟ್ಟಿಗೆ ಹೋಗುವ ದಾರಿಯೂ ತೆರೆಯಿತು. ಚದುರಿದ್ದಾಗ ಒಂದು ಪೆನ್‌ಡ್ರೈವ್ ಕಳೆದರೆ ಅದರಲ್ಲಿದ್ದಷ್ಟೇ ಹೋಗುತ್ತಿತ್ತು. ಹಾಗಾಗಿ ಒಟ್ಟು ಮಾಡಿದ ದಿನವೇ ಎರಡನೆಯ ಪ್ರತಿ ಆಗಬೇಕು.

ಫೋಟೋಗ್ರಾಫರ್‌ಗಳು ಬಳಸುವ 3-2-1 ಎಂಬ ಲೆಕ್ಕ ಮನೆಗೂ ಸರಿಹೋಗುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡ್‌ನಲ್ಲೋ ನಂಟರ ಮನೆಯಲ್ಲಿಟ್ಟ ಡಿಸ್ಕಿನಲ್ಲೋ ಒಂದು. ಪೆನ್‌ಡ್ರೈವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ ಎನ್ನುತ್ತೇನೆ. ಬಳಸದೆ ವರ್ಷಗಟ್ಟಲೆ ಇಟ್ಟರೆ ಅದರೊಳಗಿನ ವಿದ್ಯುತ್ ಅಂಶ ಸೋರಿ ಡೇಟಾ ಹಾಳಾಗಬಹುದು. ಸಾಗಿಸಲು ಅದು ಸರಿ, ಕೂಡಿಡಲು ಅಲ್ಲ.

ಬ್ಯಾಕಪ್ ಡಿಸ್ಕ್ ಸದಾ ಕಂಪ್ಯೂಟರಿಗೆ ಜೋಡಿಸಿಯೇ ಇದ್ದರೆ ಅದು ದೋಷವೇ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದರೆ ಜೋಡಿಸಿದ್ದ ಡಿಸ್ಕಿಗೂ ಬೀಗ ಹಾಕುತ್ತದೆ. ಕೆಲಸ ಮುಗಿದ ಮೇಲೆ ಇಜೆಕ್ಟ್ ಮಾಡಿ, ಬಿಚ್ಚಿ ಇಡಿ. ನಕಲು ಮಾಡುವ ಪ್ರೋಗ್ರಾಮಿನಲ್ಲಿ "ಮಿರರ್" ಆರಿಸಿದ್ದರೆ ಅದನ್ನೂ ನೋಡಿ. ಮಿರರ್ ಎಂದರೆ ಮೂಲದಲ್ಲಿ ಅಳಿಸಿದ್ದನ್ನು ಬ್ಯಾಕಪ್‌ನಲ್ಲೂ ಅಳಿಸುತ್ತದೆ, ಮೂಲದಲ್ಲಿ ಕೆಟ್ಟದ್ದನ್ನು ಒಳ್ಳೆಯದರ ಮೇಲೆ ಬರೆಯುತ್ತದೆ. ಹಳೆಯ ಆವೃತ್ತಿ ಉಳಿಸಿಕೊಳ್ಳುವ ಆಯ್ಕೆ ಆನ್ ಮಾಡಿ. ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದರೆ ಆ ಪಾಸ್‌ವರ್ಡ್, ರಿಕವರಿ ಕೀ ಎರಡನ್ನೂ ಕಾಗದದಲ್ಲಿ ಬರೆದು, ಮನೆಯ ಇನ್ನೊಬ್ಬರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಕ್ಲೌಡ್ ಖಾತೆಯ ಓಟಿಪಿ ಹಳೆಯ, ಈಗ ಇಲ್ಲದ ನಂಬರಿಗೆ ಹೋಗುತ್ತಿದೆಯೇ ಎಂದು ಇವತ್ತೇ ನೋಡಿ.

ಕೊನೆಗೆ ತಾಳೆ. ಬ್ಯಾಕಪ್ ಡಿಸ್ಕನ್ನು ಸಾಧ್ಯವಾದರೆ ಬೇರೆ ಕಂಪ್ಯೂಟರಿಗೆ ಜೋಡಿಸಿ. ಹಾಳೆಯಲ್ಲಿರುವ ಎಣಿಕೆ, ಗಾತ್ರಕ್ಕೆ ಹೋಲಿಸಿ. ಬೇರೆ ಬೇರೆ ವರ್ಷದ ಕೆಲವು ಫೋಟೋ, ಒಂದೆರಡು ವಿಡಿಯೋ ಪೂರ್ತಿ ತೆರೆಯಿರಿ. ವಿಡಿಯೋದ ಕೊನೆಯ ನಿಮಿಷವನ್ನೂ ಓಡಿಸಿ, ತುಂಡಾದ ಫೈಲ್ ಗೊತ್ತಾಗುವುದು ಅಲ್ಲಿಯೇ. ಕ್ಲೌಡ್‌ನಿಂದ ಒಂದು ಫೋಟೋ ಇಳಿಸಿ, ಗಾತ್ರ ಮೂಲದಷ್ಟೇ ಇದೆಯೇ ನೋಡಿ. ಕಡಿಮೆ ಇದ್ದರೆ ಅಲ್ಲಿ ಕುಗ್ಗಿಸಿ ಇಡುವ ಆಯ್ಕೆ ಆನ್ ಇದೆ. ಅದನ್ನು "ಒರಿಜಿನಲ್" ಮಾಡಿ, ಕಂಪ್ಯೂಟರಿನಲ್ಲಿರುವ ಮೂಲಗಳನ್ನೇ ಮತ್ತೆ ಏರಿಸಿ. ಎಲ್ಲ ಪ್ರತಿಗಳೂ ತಾಳೆಯಾದ ಮೇಲೆ ಹಾಳೆಯ ಮೇಲೆ ತಾರೀಖು ಬರೆದು, ಹಳೆಯ ಫೋನು, ಕಾರ್ಡುಗಳನ್ನು ಖಾಲಿ ಮಾಡಲು ಶುರು ಮಾಡಬಹುದು.